ಒಂದು ವರ್ಷದ ಕಾರು

"ಹತ್ತಿರ ತರಬೇಡ, ಹತ್ತಿರ ತರಬೇಡ!"

ಗೆರ್ಲಿಂಡೆ ಅಲ್ಲೇ ನಿಂತಳು. ಒಲೆಯಿಂದ ಆಗಷ್ಟೇ ತೆಗೆದ ಪ್ಲಮ್ ಕೇಕಿನ ಅಗಲ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅವಳು ಅಡಿಗೆಮನೆಯಿಂದ ಹಿತ್ತಿಲಿಗೆ ಹೊರಟಿದ್ದಳು. ಹಿತ್ತಿಲಿಗೆ ದಾರಿ ಗ್ಯಾರೇಜಿನ ಮೂಲಕವೇ. ಅಲ್ಲಿ ಅವಳ ಗಂಡ ಎಬರ್‌ಹಾರ್ಟ್ ಮೋಟು ಸ್ಟೂಲಿನ ಮೇಲೆ ಕೂತು, ಆಪರೇಷನ್ ಆದ ಮಂಡಿಯ ಕಾಲನ್ನು ಉದ್ದಕ್ಕೆ ಚಾಚಿಕೊಂಡು, ಹಲ್ಲುಜ್ಜುವ ಹಳೇ ಬ್ರಶ್ಶಿನಿಂದ ಕಾರಿನ ಚಕ್ರ ಉಜ್ಜುತ್ತಿದ್ದ.

"ನಿನ್ನ ಕಾರೇನೂ ನನ್ನ ಕೇಕು ತಿನ್ನಲ್ಲ ಬಿಡು."

"ಅದು ತಿನ್ನಲ್ಲ. ನಿನ್ನ ಕೇಕಿನ ರಸ ಅದರ ಬಣ್ಣ ತಿನ್ನುತ್ತೆ. ಇನ್ನೇನು ಅವರು ಬರೋ ಹೊತ್ತಾಯ್ತು."

ಅವರು ಎಂದರೆ ಹೂಸುಮ್ ಊರಿನ ಬ್ರೋಡರ್ಸನ್ ದಂಪತಿ. ದೇಶದ ಉತ್ತರದ ತುದಿಯಿಂದ, ಸಮುದ್ರದ ದಂಡೆಯಿಂದ, ರೈಲಿನಲ್ಲಿ ಬರುತ್ತಿದ್ದರು. ಹೋಗುವಾಗ ಈ ಕಾರನ್ನು ಕೊಂಡು ಅದರಲ್ಲೇ ಹೋಗುವವರಿದ್ದರು.

ಸಿಂಡೆಲ್‌ಫಿಂಗೆನ್‌ನ ಮರ್ಸಿಡಿಸ್ ಕಾರ್ಖಾನೆಯ ಸುತ್ತಮುತ್ತಲಿನ ಹಳ್ಳಿಗಳಲ್ಲಿ ಇದು ಹಿಂದಿನಿಂದ ನಡೆದುಬಂದ ರೂಢಿ. ಕೆಲಸದವರಿಗೆ ಹೊಸ ಕಾರು ರಿಯಾಯಿತಿಯಲ್ಲಿ ಸಿಗುತ್ತದೆ. ಒಂದು ವರ್ಷ ಇಟ್ಟುಕೊಂಡು, ಹೊಸದರಂತೆಯೇ ಇರುವಾಗ ಮಾರಿ, ಇನ್ನೊಂದನ್ನು ತರುತ್ತಾರೆ. ಗೆರ್ಲಿಂಡೆಯ ಬೀದಿಯಲ್ಲಿ ಯಾವ ಗ್ಯಾರೇಜಿನ ಬಾಗಿಲು ತೆಗೆದರೂ ಒಳಗೊಂದು ಮರ್ಸಿಡಿಸ್‌ನ ಬೆಳ್ಳಿಯ ನಕ್ಷತ್ರ ಹೊಳೆಯುತ್ತಿತ್ತು. ಹೊರಗಿನವರು ನೋಡಿದರೆ ಇಲ್ಲಿನವರೆಲ್ಲ ದೊಡ್ಡ ಶ್ರೀಮಂತರು ಅಂದುಕೊಳ್ಳಬೇಕು. ನಿಜವಾಗಿ ಯಾರಿಗೂ ತಮ್ಮದು ಅನ್ನುವ ಕಾರೇ ಇರಲಿಲ್ಲ. ಬೇರೆ ಮನೆಗೆ ಕೊಡಬೇಕಾದ ಮಗಳನ್ನು ಸಾಕಿದ ಹಾಗೆ ಸಾಕುತ್ತಿದ್ದರು, ಅಷ್ಟೆ.

ಮದುವೆಯಾಗಿ ಬಂದಾಗಿನಿಂದ ಗೆರ್ಲಿಂಡೆ ಇಂಥ ಎಷ್ಟೋ ಕಾರುಗಳನ್ನು ಬೀಳ್ಕೊಟ್ಟಿದ್ದಳು. ಹಿಂದಿನ ಸೀಟಿಗೆ ಯಾವಾಗಲೂ ಹಳೆಯ ಹಾಸುಬಟ್ಟೆ. ಒಳಗೆ ತಿನ್ನುವ ಹಾಗಿಲ್ಲ, ಕುಡಿಯುವ ಹಾಗಿಲ್ಲ. ಮಗಳು ಸಿಲ್ಕೆ ಚಿಕ್ಕವಳಿದ್ದಾಗ ಒಮ್ಮೆ ಬೆಟ್ಟದ ದಾರಿಯಲ್ಲಿ ವಾಂತಿ ಬಂದು, ಅಪ್ಪನ ಮುಖ ನೆನೆದು, ತನ್ನ ಟೋಪಿಯೊಳಗೇ ಮಾಡಿಕೊಂಡಿದ್ದಳು. ಆ ಟೋಪಿಯ ಕಥೆ ಈಗಲೂ ಕ್ರಿಸ್‌ಮಸ್ ಊಟದಲ್ಲಿ ಬಾರದೆ ಇರುವುದಿಲ್ಲ. ಗೆರ್ಲಿಂಡೆಯ ಓಡಾಟಕ್ಕೆ ಬೇರೆಯೇ ಒಂದು ಪುಟ್ಟ ಕೆಂಪು ಕಾರು ಇತ್ತು. ಅದಕ್ಕೆ ಗ್ಯಾರೇಜಿನಲ್ಲಿ ಜಾಗವಿಲ್ಲದೆ, ಮಳೆಯಲ್ಲಿ ನಿಂತು ನಿಂತು ಬಣ್ಣ ಮಂಕಾಗಿತ್ತು.

ಅದನ್ನು ಅವಳು ಎಂದೂ ಅನ್ಯಾಯ ಅಂದುಕೊಂಡವಳಲ್ಲ. ಕಳೆದ ಚಳಿಗಾಲದವರೆಗೆ.

ಜನವರಿಯಲ್ಲಿ ಎಬರ್‌ಹಾರ್ಟನ ಮಂಡಿಯ ಆಪರೇಷನ್ ಆಯಿತು. ಆಮೇಲೆ ಕೆಲವು ವಾರ ಅವನು ಕಾಡಿನ ಆಚೆಗಿನ ಚಿಕಿತ್ಸಾಲಯದಲ್ಲಿದ್ದ. ಅವನನ್ನು ನೋಡಲು ಹೊರಟ ಮೊದಲ ದಿನವೇ ಚಳಿಗೆ ಕೆಂಪು ಕಾರು ಸ್ಟಾರ್ಟ್ ಆಗಲಿಲ್ಲ. "ನಮ್ಮದನ್ನೇ ತಗೊಂಡು ಬಾ, ಇನ್ನೇನು ಮಾಡೋದು. ನಿಧಾನ," ಎಂದು ಅವನೇ ಫೋನಿನಲ್ಲಿ ಹೇಳಿದ್ದ, ಕಿಡ್ನಿ ದಾನ ಮಾಡುವವನ ದನಿಯಲ್ಲಿ. ಕೆಂಪು ಕಾರು ಮರುದಿನವೇ ರಿಪೇರಿಯಾಯಿತು. ಗೆರ್ಲಿಂಡೆ ಮಾತ್ರ ಅದನ್ನು ಮುಟ್ಟದೆ ದೊಡ್ಡ ಕಾರಿನಲ್ಲೇ ಹೋಗಿಬರುತ್ತಿದ್ದಳು.

ಹೋಗುವಾಗ ದಾರಿಯ ಬೇಕರಿಯಲ್ಲಿ ಒಂದು ಬ್ರೆಟ್ಸೆಲ್ ಕೊಳ್ಳುತ್ತಿದ್ದಳು, ಉಪ್ಪಿನ ದಪ್ಪ ಹರಳು ಮೆತ್ತಿದ, ಬೆಣ್ಣೆ ಸವರಿದ, ಗಂಟು ಹಾಕಿ ಸುಟ್ಟ ಬಿಸಿ ಬ್ರೆಡ್ಡು. ಚಿಕಿತ್ಸಾಲಯದ ಹಿಂದೆ ಮರಗಳ ಕೆಳಗೆ ಕಾರು ನಿಲ್ಲಿಸುತ್ತಿದ್ದಳು. ಬೆನ್ನಿನ ಕೆಳಗೆ ಸೀಟು ಮೆಲ್ಲಗೆ ಬೆಚ್ಚಗಾಗುತ್ತಿತ್ತು. ಗಾಜಿನ ಮೇಲೆ ಹಿಮ ಬಿದ್ದು ಕರಗುತ್ತಿತ್ತು. ಯಾರೂ ಏನೂ ಕೇಳುತ್ತಿರಲಿಲ್ಲ. ಅಡಿಗೆ, ಬಟ್ಟೆ, ಅತ್ತೆಯ ಗುಳಿಗೆ, ಮೆಟ್ಟಿಲು ಗುಡಿಸುವ ಸರದಿ, ಒಂದೂ ಇಲ್ಲ. ಬ್ರೆಟ್ಸೆಲ್ ಮುಗಿಯುವವರೆಗಿನ ಅಷ್ಟು ಹೊತ್ತು ಪೂರ್ತಿ ಅವಳದ್ದು. ಆಮೇಲೆ ತುಟಿ ಒರೆಸಿಕೊಂಡು ಗಂಡನನ್ನು ನೋಡಲು ಒಳಗೆ ಹೋಗುತ್ತಿದ್ದಳು.

"ಎಬರ್‌ಹಾರ್ಟ್," ಎಂದಳು ಈಗ, ತಟ್ಟೆ ಹಿಡಿದುಕೊಂಡೇ. "ಇದನ್ನ ಇಟ್ಕೊಂಡುಬಿಡೋಣ್ವಾ?"

"ಯಾವುದನ್ನ, ಕೇಕನ್ನಾ?"

"ಕಾರನ್ನ."

ಅವನು ಬ್ರಶ್ಶು ಹಿಡಿದ ಕೈಯಿಂದಲೇ ಕೆನ್ನೆ ಕೆರೆದುಕೊಂಡು ನಕ್ಕ. ಒಳ್ಳೆಯ ನಗುವೇ, ಕುಹಕದ್ದಲ್ಲ. "ಇಟ್ಕೊಂಡು? ಹಳೇದಾಗೋಗುತ್ತಲ್ಲೇ!"

ಹಿತ್ತಿಲಿನಲ್ಲಿ ಸೇಬಿನ ಮರದ ಕೆಳಗೆ ಅತ್ತೆ ಪೌಲಿನೆ ಕಂಬಳಿ ಹೊದ್ದು ಕೂತಿದ್ದಳು. ತೊಂಬತ್ತು ದಾಟಿದರೂ ಕಿವಿ ಚುರುಕು.

"ಅವನನ್ನ ಕೇಳಿದೆಯಾ?" ಎಂದಳು ಮುದುಕಿ.

"ಕೇಳಿದೆ, ಅಮ್ಮ."

"ನಕ್ಕನಾ?"

"ಹೂಂ."

"ಅವನಪ್ಪನೂ ಹಂಗೇ. ಜೀವಮಾನವೆಲ್ಲ ಆ ಕಾರ್ಖಾನೆಗೆ ಸೈಕಲ್ ತುಳಿದ. ಅವನು ಕೂರಿಸಿದ ಬಾಗಿಲು ತೆಕ್ಕೊಂಡು ಮಂತ್ರಿಗಳು ಹತ್ತಿದ್ರು, ರಾಜರು ಹತ್ತಿದ್ರು. ಒಂದು ಸಲ ನಾವೂ ಕೂತು ನೋಡೋಣ ಅಂದ್ರೆ ಹಿಂಗೇ ನಗೋನು. ಕೊನೆಗೆ ಹತ್ತಿದ, ಅದೂ ಹೆಂಗೆ? ಶವದ ಗಾಡಿಗೆ. ಉದ್ದನೆಯ ಕಪ್ಪು ಗಾಡಿ, ಮುಂದೆ ಇದೇ ನಕ್ಷತ್ರ. ಪುಣ್ಯಾತ್ಮ ಕೂರಲೂ ಇಲ್ಲ, ಮಲಗೇ ಹೋದ."

ಗೆರ್ಲಿಂಡೆಗೆ ನಗು ತಡೆಯಲಾಗಲಿಲ್ಲ. ಅತ್ತೆ ಮಾತ್ರ ನಗಲಿಲ್ಲ. ಸೊಸೆಯ ಮುಂಗೈಯನ್ನು ಒಮ್ಮೆ ಒತ್ತಿ ಬಿಟ್ಟಳು. "ನೀನು ಅಲ್ಲೀತನಕ ಕಾಯಬೇಡ," ಎಂದಳು.

ಬ್ರೋಡರ್ಸನ್ ದಂಪತಿ ಸ್ಟೇಷನ್ನಿನಿಂದ ನಡೆದೇ ಬಂದರು. ಇಬ್ಬರೂ ದೀಪದ ಕಂಬದಷ್ಟು ಎತ್ತರ. ಅವನ ಬಟ್ಟೆಚೀಲದಿಂದ ಕಾರಿಗೆ ಹಾಕಲು ತಂದ ತಮ್ಮ ಊರಿನ ನಂಬರ್ ಪ್ಲೇಟುಗಳು ಇಣುಕುತ್ತಿದ್ದವು. ಗೆರ್ಲಿಂಡೆ ಅವನ್ನೇ ನೋಡಿದಳು. ಎಬರ್‌ಹಾರ್ಟ್ ಫೋನಿನಲ್ಲಿ ಮಾತು ಕೊಟ್ಟಾಗಿತ್ತು. ಈ ಊರಿನಲ್ಲಿ ಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಂಡ ಗಂಡಸನ್ನು ಅವಳು ಕಂಡಿರಲಿಲ್ಲ. ತನ್ನ ಗಂಡನಂತೂ ಅಂಥವರಲ್ಲಿ ಮೊದಲಿಗನಾಗುವವನಲ್ಲ.

ಎಬರ್‌ಹಾರ್ಟ್ ಶುಚಿಯಾದ ಅಂಗಿ ತೊಟ್ಟು ಬಂದ. ಕಾರನ್ನು ಹಿತ್ತಿಲ ಬದಿಯ ಬಿಸಿಲಿಗೆ ತಂದ. ಪ್ರತಿವರ್ಷದಂತೆ ಮೊದಲು ಬಾಗಿಲು ತೆರೆದು, ಎರಡು ಬೆರಳಿನಿಂದ ತಳ್ಳಿ ಮುಚ್ಚಿದ.

"ಕೇಳಿ," ಎಂದ.

ದಪ್ಪ ದಿಂಬಿನ ಮೇಲೆ ದಿಂಬು ಇಟ್ಟಂಥ ಸದ್ದು. ಅಪ್ಪ ಮಾಡಿದ ಕೆಲಸವನ್ನೇ ಮಗನೂ ಹಿಡಿದಿದ್ದ. ಬಾಗಿಲು ಕೂರಿಸುವುದೇ ಅವನ ವಿಭಾಗ. ಬ್ರೋಡರ್ಸನ್ ತಲೆದೂಗಿದ.

"ನಮ್ಮ ಮಾವನ ಮನೇಲಿ ಇಂಥದೇ ಹಳೇದೊಂದಿತ್ತು. ಕೋಳಿಗಳು ಅದರ ಮೇಲೆ ಮಲಗೋವು. ಆದ್ರೂ ಕೀಲಿ ತಿರುಗಿಸಿದ್ರೆ ಒಂದೇ ಸಲಕ್ಕೆ ಸ್ಟಾರ್ಟ್ ಆಗೋದು."

"ಆಗದೆ ಏನು?" ಎಂದ ಎಬರ್‌ಹಾರ್ಟ್, ತನ್ನ ಮನೆಯವರನ್ನೇ ಹೊಗಳಿದಂತೆ ಕಿವಿ ಕೆಂಪಗೆ ಮಾಡಿಕೊಂಡು. "ಇದಂತೂ ನಾನೊಬ್ಬನೇ ಓಡಿಸಿದ್ದು. ಒಳಗೆ ಯಾರೂ ಸೇದಿಲ್ಲ, ಯಾರೂ ತಿಂದಿಲ್ಲ. ರಾತ್ರಿ ಹೊರಗೆ ನಿಲ್ಲಿಸಿಲ್ಲ."

ವರ್ಷವರ್ಷ ಅದೇ ಮಾತು, ಅದೇ ಧಾಟಿ. ಚರ್ಚಿನ ಪ್ರಾರ್ಥನೆಯಂತೆ ಅವನ ಬಾಯಿಂದ ತಾನಾಗಿ ಉದುರುತ್ತಿತ್ತು. ಗೆರ್ಲಿಂಡೆ ಕೇಕು ಕತ್ತರಿಸುತ್ತಿದ್ದವಳು ಚಾಕು ನಿಲ್ಲಿಸಿದಳು.

ಬ್ರೋಡರ್ಸನ್‌ನ ಹೆಂಡತಿ, ಫ್ರೌ ಬ್ರೋಡರ್ಸನ್, ಡ್ರೈವರ್ ಸೀಟಿನಲ್ಲಿ ಕೂತಳು. ಎಬರ್‌ಹಾರ್ಟನ ಉದ್ದನೆಯ ಕಾಲಿಗೆ ಹೊಂದಿಸಿದ ಸೀಟು ಅವಳಿಗೂ ಸರಿಯಾಗೇ ಇತ್ತು. ಬಾಗಿಲಿನ ಒಳಬದಿಯಲ್ಲಿ ಒಂದು, ಎರಡು, ಮೂರು ಎಂಬ ಸಣ್ಣ ಗುಂಡಿಗಳಿದ್ದವು. ಒಬ್ಬೊಬ್ಬರ ಅಳತೆಯನ್ನು ಒಂದೊಂದರಲ್ಲಿ ನೆನಪಿಡಿಸಿದರೆ ಒತ್ತಿದ ಕೂಡಲೇ ಸೀಟು ಅವರಿಗೆ ತಕ್ಕಂತೆ ಹೊಂದಿಕೊಳ್ಳುತ್ತದೆ. ಅವಳು ತಮಾಷೆಗೆ ಎರಡನೆಯದನ್ನು ಒತ್ತಿದಳು.

ಸೀಟು ಸಣ್ಣಗೆ ಗುಂಯ್ಗುಡುತ್ತ ಮುಂದಕ್ಕೆ ಹೊರಟಿತು. ಮೇಲಕ್ಕೂ ಎದ್ದಿತು. ಸ್ಟಿಯರಿಂಗು ಕೆಳಗಿಳಿದು ಹತ್ತಿರ ಬಂತು. ಎರಡೂ ಬದಿಯ ಕನ್ನಡಿಗಳು ತಲೆ ತಗ್ಗಿಸಿದವು.

"ಅಯ್ಯೋ, ನಿಲ್ಲಿಸಿ ಇದನ್ನ! ನನ್ನ ಮಂಡಿ ಕಿವಿಗೆ ಬಂತು!" ಫ್ರೌ ಬ್ರೋಡರ್ಸನ್ ನಗುತ್ತ ಹೊರಗೆ ಜಿಗಿದಳು. "ಯಾರಪ್ಪ ಈ ಪುಟ್ಟ ಡ್ರೈವರು?"

ಸೀಟು ಖಾಲಿಯಾಗಿಯೇ ಇನ್ನೊಂದಿಷ್ಟು ಸರಿದು ನಿಂತಿತು. ಅಲ್ಲಿ ಯಾರೂ ಇರಲಿಲ್ಲ. ಆದರೆ ಆ ಸೀಟು, ಆ ಸ್ಟಿಯರಿಂಗು, ಆ ಕನ್ನಡಿ, ಈ ಮೂರರ ನಡುವಿನ ಜಾಗದಲ್ಲಿ ಕುಳ್ಳಗಿನ, ತುಸು ದಪ್ಪಗಿನ ಒಬ್ಬ ಹೆಂಗಸು ನೆಟ್ಟಗೆ ಕೂತಂತೆಯೇ ಇತ್ತು. ಎಬರ್‌ಹಾರ್ಟ್ ಅದನ್ನು ನೋಡಿದ. ಬಗ್ಗಿ ಮತ್ತೂ ನೋಡಿದ. ಸೀಟು ಮುಂದೆ ಹೋದದ್ದರಿಂದ ಕೆಳಗಿನ ಹಳಿಯ ಹಿಂಭಾಗ ಬಯಲಾಗಿತ್ತು. ತನ್ನ ಸೀಟು ಹಿಂದಕ್ಕಿದ್ದಾಗ ಬ್ರಶ್ಶು ಎಂದೂ ತಲುಪದ ಜಾಗ. ಅಲ್ಲಿ ಉಪ್ಪಿನ ಬಿಳಿ ಹರಳುಗಳು, ಜೊತೆಗೆ ಬ್ರೆಟ್ಸೆಲ್‌ನ ಕಂದು ಹೊಪ್ಪಳಿಕೆಯ ಚೂರು.

ಅವನು ಒಂದು ಹರಳನ್ನು ಬೆರಳ ತುದಿಗೆ ಅಂಟಿಸಿಕೊಂಡು ಮೇಲೆದ್ದ.

"ನಾನೇ," ಎಂದಳು ಗೆರ್ಲಿಂಡೆ. ದನಿ ತನ್ನದೇ ಆದರೂ ಅಷ್ಟು ಗಟ್ಟಿಯಾಗಿ ಬಂದದ್ದು ಅವಳಿಗೇ ಹೊಸದು. "ಪುಟ್ಟ ಡ್ರೈವರು ನಾನೇ."

ಎಬರ್‌ಹಾರ್ಟ್ ಹೆಂಡತಿಯ ಕಡೆ ನೋಡಲಿಲ್ಲ. ಬೆರಳನ್ನೇ ನೋಡುತ್ತ ನಿಂತ. ಬೇಲಿಯ ಆಚೆ ಯಾರೋ ಎಲೆ ಗುಡಿಸುತ್ತಿದ್ದ ಸದ್ದು ಕೇಳುತ್ತಿತ್ತು.

"ಹೆರ್ ಬ್ರೋಡರ್ಸನ್," ಎಂದ ಕೊನೆಗೆ. "ನಾನು ನಿಮಗೆ ಫೋನಿನಲ್ಲಿ ಏನು ಹೇಳಿದ್ದೆ?"

"ಏನು... ಈಗ ಹೇಳಿದ್ದೇ. ಒಬ್ಬರೇ ಓಡಿಸಿದ್ದು, ಒಳಗೆ ಯಾರೂ ತಿಂದಿಲ್ಲ."

"ಆ ಕಾರು ನನ್ನ ಹತ್ರ ಇಲ್ಲ."

"ಅಂದ್ರೆ?"

"ನಾನು ಹೇಳಿದ್ದು ಬೇರೆ ಕಾರು. ಇದು ಬೇರೆ. ಇದನ್ನ ಇಬ್ಬರು ಓಡಿಸಿದಾರೆ. ತಿಂದೂ ತಿಂದಿದಾರೆ."

ಬ್ರೋಡರ್ಸನ್ ಜೋರಾಗಿ ನಕ್ಕ. "ನಾಲ್ಕು ಹರಳು ಉಪ್ಪಿಗಾ? ನಮ್ಮ ನಾಯಿ ಸಮುದ್ರದ ಮರಳನ್ನೇ ತರುತ್ತೆ. ಪರವಾಗಿಲ್ಲ ಬಿಡಿ ಸ್ವಾಮಿ!"

"ನೀವು ಪರವಾಗಿಲ್ಲ ಅನ್ನಬಹುದು. ನನಗೆ ಹಾಗನ್ನೋಕೆ ಬರಲ್ಲ. ಹೇಳಿದ್ದೊಂದು, ಕೊಡೋದೊಂದು ಮಾಡಿದವನಲ್ಲ ನಾನು." ಎಬರ್‌ಹಾರ್ಟನ ಗದ್ದ ಮುಂದಕ್ಕೆ ಬಂದಿತ್ತು. ಆ ಗದ್ದ ಹಾಗೆ ಮುಂದೆ ಬಂದರೆ ಆಮೇಲೆ ಮಾತಿಲ್ಲವೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. "ಎದುರುಮನೆ ಆಲ್‌ಬ್ರೆಕ್ಟ್ ಹತ್ರ ಇಂಥದೇ ಇದೆ. ಬೂದು ಬಣ್ಣ. ಈ ವಾರವೇ ಮಾರೋನು. ಅವನು ಅದರೊಳಗೆ ಉಸಿರೂ ಬಿಟ್ಟಿರಲ್ಲ. ನಾನೇ ಕರ್ಕೊಂಡು ಹೋಗ್ತೀನಿ ಬನ್ನಿ."

ಬ್ರೋಡರ್ಸನ್ ಹೆಂಡತಿಯನ್ನು ನೋಡಿದ. ಅವಳು ಗೆರ್ಲಿಂಡೆಯನ್ನು ನೋಡಿದಳು. ಮುಂದಕ್ಕೆ ಸರಿದು ನಿಂತ ಸೀಟನ್ನೂ ನೋಡಿದಳು.

"ನನಗೆ ಬೂದು ಬಣ್ಣವೇ ಇಷ್ಟ," ಎಂದಳು.

"ಮೊದಲು ಕೇಕು ತಗೊಳ್ಳಿ," ಎಂದಳು ಪೌಲಿನೆ ಕಂಬಳಿಯೊಳಗಿಂದ. "ಆಲ್‌ಬ್ರೆಕ್ಟ್ ಮನೇಲಿ ನೀರೂ ಕೊಡಲ್ಲ."

ಅತಿಥಿಗಳು ಎರಡೆರಡು ತುಂಡು ತಿಂದು, ನಂಬರ್ ಪ್ಲೇಟಿನ ಚೀಲ ಹೊತ್ತು ಬೀದಿ ದಾಟಿದರು. ಅವರನ್ನು ಬಿಟ್ಟು ಎಬರ್‌ಹಾರ್ಟ್ ಕುಂಟುತ್ತ ವಾಪಸು ಬಂದ. ಗೆರ್ಲಿಂಡೆ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದಳು.

"ಕೇಳಬಹುದಿತ್ತಲ್ಲ," ಎಂದ.

"ಆಗಲೇ ಕೇಳಿದೆನಲ್ಲ."

ಅವನು ಸ್ಟೂಲಿನ ಪಕ್ಕದಲ್ಲಿ ಬಿದ್ದಿದ್ದ ಬ್ರಶ್ಶನ್ನು ಎತ್ತಿಕೊಂಡ. ಕಾರಿನ ತೆರೆದ ಬಾಗಿಲವರೆಗೂ ಹೋದ. ಉಪ್ಪಿನ ಹರಳುಗಳನ್ನು ಇನ್ನೊಮ್ಮೆ ಬಗ್ಗಿ ನೋಡಿ, ಬ್ರಶ್ಶನ್ನು ಹಾಗೇ ಅಂಗಿಯ ಜೇಬಿಗೆ ಇಳಿಸಿದ.

"ಎಲ್ಲಿ ತಿಂತಿದ್ದೆ?"

"ನಿನ್ನ ಕಿಟಕಿಯ ಹಿಂದೆಯೇ. ಮರದ ಕೆಳಗೆ."

"ನಾನು ಒಳಗೆ ಉಪ್ಪಿಲ್ಲದ ಸೂಪು ಕುಡೀತಿದ್ದಾಗ?"

"ಹೂಂ."

"ಕಟುಕಿ," ಎಂದ ಎಬರ್‌ಹಾರ್ಟ್. ಅವನ ಮೀಸೆಯ ಅಂಚು ಸಣ್ಣಗೆ ಅದುರುತ್ತಿತ್ತು. ಆಮೇಲೆ, "ಅಮ್ಮನಿಗೆ ಕೇಕಿನ ಮೇಲೆ ಕೆನೆ ಬೇಕಂತೆ," ಎಂದ.

"ನಾನೆಲ್ಲಿ ಕೇಳಿದೆ?" ಎಂದಳು ಪೌಲಿನೆ.

"ಬೇಕಂತೆ. ಅಂಗಡಿ ಮುಚ್ಚೋದ್ರೊಳಗೆ ತರಬೇಕು."

ಗೆರ್ಲಿಂಡೆ ರೂಢಿಯಂತೆ ಕೆಂಪು ಕಾರಿನ ಕೀಲಿಗೆ ಏಪ್ರನ್ನಿನ ಜೇಬು ತಡಕಿದಳು. ಅಷ್ಟರಲ್ಲಿ ಎಬರ್‌ಹಾರ್ಟ್ ಬಳಸಿಕೊಂಡು ಹೋಗಿ ದೊಡ್ಡ ಕಾರಿನ ಆಚೆಬದಿಯ ಬಾಗಿಲು ತೆರೆದಿದ್ದ. ಹಿಂದಿನ ಸೀಟಿನ ಹಾಸುಬಟ್ಟೆಯನ್ನು ಎಳೆದು, ಮಡಿಸಿ, ತಾಯಿಯ ಕಂಬಳಿಯ ಮೇಲೆ ಹಾಕಿದ. ತನ್ನ ಪಾಲಿನ ಕೇಕಿನ ತುಂಡು ಇನ್ನೂ ಮೇಜಿನ ಮೇಲಿತ್ತು. ಅದನ್ನು ಕೈಗೆತ್ತಿಕೊಂಡ. ಬಾಗಿಲ ಬಳಿ ಬಂದು ಕೇಕನ್ನೂ ಕಾರನ್ನೂ ನೋಡುತ್ತ ಒಂದು ಕ್ಷಣ ನಿಂತ. ಆಮೇಲೆ ಆಪರೇಷನ್ ಆದ ಕಾಲನ್ನು ಮೊದಲು ಒಳಗಿಟ್ಟು, ಕೇಕಿನ ಸಮೇತ ಕೂತ.

ಅವಳು ಏಪ್ರನ್ನು ಕಳಚಿ ಮೇಜಿನ ಮೇಲೆ ಹಾಕಿ ಹೋಗಿ ಕೂತಳು. ಸೀಟು ಆಗಲೇ ಅವಳಿಗಾಗಿ ಸಿದ್ಧವಾಗಿತ್ತು. ಒತ್ತುವುದಕ್ಕೆ ಏನೂ ಉಳಿದಿರಲಿಲ್ಲ.

ಬೀದಿಯಲ್ಲಿ ಆಲ್‌ಬ್ರೆಕ್ಟ್ ಬೂದು ಕಾರಿನ ಬಾಗಿಲನ್ನು ಎರಡು ಬೆರಳಿನಿಂದ ತಳ್ಳುತ್ತ ಬ್ರೋಡರ್ಸನ್‌ಗೆ ಏನೋ ಹೇಳುತ್ತಿದ್ದ. ಅವರನ್ನು ದಾಟಿ ಗೆರ್ಲಿಂಡೆ ಇಳಿಜಾರಿಗೆ ಬಂದಳು. ಪಕ್ಕದಲ್ಲಿ ಎಬರ್‌ಹಾರ್ಟ್ ಒಂದು ಕೈಯಲ್ಲಿ ಕೇಕು ಹಿಡಿದು, ಇನ್ನೊಂದು ಕೈಯನ್ನು ಪುಡಿ ಬೀಳದಂತೆ ಬಟ್ಟಲಿನಂತೆ ಮಾಡಿ ಗದ್ದದ ಕೆಳಗೆ ಒಡ್ಡಿ, ಜೋಪಾನವಾಗಿ ತಿನ್ನುತ್ತಿದ್ದ. ಕೆಳಗಿನ ತಿರುವನ್ನು ಅವಳು ಕೊಂಚ ಜೋರಾಗಿಯೇ ತಿರುಗಿಸಿದಳು. ಅವನ ಕೈ ಗದ್ದದ ಕೆಳಗಿಂದ ಹಾರಿ ಬಾಗಿಲ ಹಿಡಿಯನ್ನು ಹಿಡಿದುಕೊಂಡಿತು.