ಬಾವಿಗೆ ಕಟ್ಟಿದ ತಂತಿ

ಕೊಡ ಬಾವಿಗೆ ಮರಳಿ ಬಿದ್ದ ಸದ್ದು ಕೇಳಿ ಚೆನ್ನಪ್ಪ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯನ್ನು ತೆಗೆದ. ಬಿಚ್ಚಿಟ್ಟ ಕೈಗಡಿಯಾರದ ಮೇಲೆ ಗಾಜಿನ ಲೋಟ ಕವುಚಿ, ಮೇಜುದೀಪ ಆರಿಸಿ, ಹಿತ್ತಿಲ ಬಾಗಿಲಿಗೆ ಬಂದ. ಹೊರಗೆ ಇನ್ನೂ ಕತ್ತಲಾಗಿರಲಿಲ್ಲ. ಹೆಂಡತಿ ದಮಯಂತಿ ಬಾವಿಕಟ್ಟೆಯಿಂದ ಎರಡು ಹೆಜ್ಜೆ ಹಿಂದೆ ನಿಂತು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದಳು.

“ಪುನಃ ಹಾಗೇ ಆಯ್ತು. ಹಗ್ಗ ಕೈಯನ್ನು ಕಚ್ಚಿದ ಹಾಗೆ.”

ಚೆನ್ನಪ್ಪ ಕಟ್ಟೆ ಹತ್ತಿದ. ಒದ್ದೆ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ಕೊಡವನ್ನು ಮೇಲೆ ಎಳೆದ. ರಾಟೆಯನ್ನು ಮುಟ್ಟಿದ. ಎರಡು ಕೆಂಪುಕಲ್ಲಿನ ಕಂಬಗಳ ಮೇಲೆ ಅಡ್ಡ ಮಲಗಿಸಿದ್ದ ಹಳೆಯ ರೈಲುಕಂಬಿಯ ತುಂಡನ್ನು ಉದ್ದಕ್ಕೂ ಸವರಿದ. ಕಬ್ಬಿಣ ತಣ್ಣಗಿತ್ತು, ಬೇರೇನೂ ಇಲ್ಲ.

“ನೋಡು, ಎಂತ ಉಂಟು ಇದರಲ್ಲಿ?”

ಅವಳು ನೋಡಿದಳು. ಅವನು ಹಿಡಿದರೆ ಏನೂ ಇರಲಿಲ್ಲ. ಒಂದು ವಾರದಲ್ಲಿ ಇದು ಮೂರನೆಯ ಸಲ. ಮೂರು ಸಲವೂ ಅವನು ಬಂದು ಮುಟ್ಟಿ ನೋಡಿದ್ದ; ಮೂರು ಸಲವೂ ಅವಳು ತಲೆ ತಗ್ಗಿಸಿ ಕೊಡವನ್ನು ಸೊಂಟಕ್ಕೆ ಇಟ್ಟುಕೊಳ್ಳಲು ಹೋದಾಗ ಅವನೇ ಬೇಡವೆಂದು ಕಸಿದುಕೊಂಡು ಒಳಗೆ ಒಯ್ದಿದ್ದ. ಅವಳಿಗೆ ಏಳು ತಿಂಗಳು. ಹಿಂದಿನ ಎರಡು ಸಲವೂ ಬಸಿರು ಐದು ದಾಟಿರಲಿಲ್ಲ. ಬರುವ ಭಾನುವಾರ ಬಯಕೆಯ ಸಮಾರಂಭ. ಅದು ಮುಗಿದ ಮರುದಿನ ಅವಳು ಬೋವಿಕಾನದ ತವರಿಗೆ ಹೋಗುವುದೆಂದು ನಿಶ್ಚಯವಾಗಿತ್ತು. ಅಲ್ಲಿಯವರೆಗೆ ಏನೂ ಆಗಬಾರದು ಎಂದು ಚೆನ್ನಪ್ಪ ದಿನಗಳನ್ನು ಒಂದೊಂದಾಗಿ ದಾಟುತ್ತಿದ್ದ.

ಕಾಸರಗೋಡು ಕೇರಳಕ್ಕೆ ಸೇರಿದ ಮರುವರ್ಷ ಪುತ್ತಿಗೆಯ ದಾರಿಯಲ್ಲಿದ್ದ ಅವರ ಮನೆಗೆ ವಿದ್ಯುತ್ತು ಬಂದಿತ್ತು. ಕುಂಬಳೆಯ ಬಸ್ಸು ನಿಲ್ಲುವಲ್ಲಿ ಚೆನ್ನಪ್ಪನದು ಗಡಿಯಾರ ರಿಪೇರಿಯ ಸಣ್ಣ ಅಂಗಡಿ. ಮನೆಯ ವಯರಿಂಗು ಮಾಡಿದವನು ಮೈಕಲ್. ಮುಂಬಯಿಯಲ್ಲಿ ಕೆಲಸ ಕಲಿತು ಬಂದ ಆತನನ್ನು ಊರಿನವರು ಕ್ರೈಸ್ತರನ್ನು ಕರೆಯುವ ರೂಢಿಯಂತೆ ಮೈಕಲ್ ಪೊರ್ಬು ಎಂದು ಕರೆಯುತ್ತಿದ್ದರು. ಮೂರು ಬಲ್ಬು ಹಾಕಿ ಅವನು ಹೋದ ಮೇಲೆ ಚೆನ್ನಪ್ಪ ಮಂಗಳೂರಿನಿಂದ ಹಳೆಯದೊಂದು ಕಬ್ಬಿಣದ ಮೇಜುದೀಪ ತಂದ. ಸಂಜೆ ಮನೆಯಲ್ಲೂ ಕೂತು ಕೆಲಸ ಮಾಡಬಹುದಲ್ಲ ಎಂಬ ಆಸೆ. ಹಿಂದಿನ ಕೋಣೆಗೆ ಒಂದು ಪ್ಲಗ್ಗು ಬೇಕೆಂದು ಕೇಳಿದ್ದಕ್ಕೆ ಮೈಕಲ್, ಕಬ್ಬಿಣದ ದೀಪವಾದರೆ ಮೂರನೆಯ ತಂತಿ ಬೇಕು, ಅದು ನೆಲಕ್ಕೆ ಇಳಿಯಬೇಕು ಎಂದಿದ್ದ. ಮೀಟರಿನ ಹತ್ತಿರ ಹೂತ ನೆಲತಂತಿ ಅಲ್ಲಿಗೆ ಮುಟ್ಟುವುದಿಲ್ಲ. ಹಿತ್ತಿಲ ಮುರಕಲ್ಲಿನ ಗಟ್ಟಿ ನೆಲದಲ್ಲಿ ಆಳುದ್ದದ ಗುಂಡಿ ತೋಡಿಸಿ, ಇದ್ದಲು ಉಪ್ಪು ತುಂಬಿ, ಬೇಸಗೆಯಲ್ಲಿ ದಿನಾ ನೀರು ಹೊಯ್ಯಬೇಕು. ಇಗರ್ಜಿಯ ಕೆಲಸ ಮುಗಿಸಿ ಎರಡು ವಾರದಲ್ಲಿ ಬರುತ್ತೇನೆ, ಅಷ್ಟರವರೆಗೆ ಏನೂ ಮಾಡಬೇಡಿ ಎಂದೂ ಹೇಳಿದ್ದ.

ಎರಡು ವಾರ ಎಂದರೆ ಬಯಕೆ ಮುಗಿದುಹೋಗುತ್ತದೆ. ನೆಂಟರು ಬರುವಾಗ ಆ ದೀಪ ಉರಿಯುತ್ತಿರಬೇಕು. ಕೂದಲಿನಷ್ಟು ತೆಳ್ಳಗಿನ ಸುರುಳಿಗಳನ್ನು ಕೂಡಿಸುವ ಕೈಗೆ ಮೂರು ತಂತಿ ಯಾವ ಲೆಕ್ಕ? ಆದರೂ ಚೆನ್ನಪ್ಪ ಅಡ್ಡಾದಿಡ್ಡಿ ಮಾಡುವವನಲ್ಲ. ವಿದ್ಯುತ್ತಿನ ಬಗ್ಗೆ ಒಂದು ಕನ್ನಡ ಪುಸ್ತಿಕೆ ತರಿಸಿ ಎರಡು ಸಲ ಓದಿದ. ನೆಲತಂತಿಯನ್ನು ಸದಾ ತೇವವಿರುವ ಜಾಗಕ್ಕೆ ಒಯ್ಯಬೇಕು ಎಂಬ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದ. ಹಿತ್ತಿಲಲ್ಲಿ ಬಾವಿಗಿಂತ ತೇವದ ಜಾಗ ಯಾವುದು? ಪ್ಲಗ್ಗಿನಿಂದ ಮೂರನೆಯ ತಂತಿಯನ್ನು ಕಿಟಕಿಯ ಮೂಲಕ ಹೊರಗೆ ತಂದು, ಮಾಡಿನ ಅಡಿಯಲ್ಲೇ ಎಳೆದು, ಬಾವಿಯ ಕಂಬಿಗೆ ಐದು ಸುತ್ತು ಬಿಗಿದು ಕಟ್ಟಿದ. ಗುಂಡಿಗಾದರೆ ಬೇಸಗೆಯಲ್ಲಿ ನೀರು ಹೊಯ್ಯಬೇಕಿತ್ತು. ಇದಕ್ಕೆ ಆ ಕಷ್ಟವೂ ಇಲ್ಲ. ದೀಪ ಉರಿಯಿತು. ಮರದ ಮಣೆಯ ಮೇಲೆ ಕಾಲಿಟ್ಟು ಕೂತು ಅವನು ಅಂದು ಸಂಜೆ ಎರಡು ಗಡಿಯಾರ ಸರಿಮಾಡಿದ.

ಬಾವಿಯ ವಿಷಯ ಕೇಳಿ ಅವನ ತಾಯಿ ಕಿನ್ನಿಯಮ್ಮನಿಗೆ ಆಶ್ಚರ್ಯವಾಗಲಿಲ್ಲ. ಬೆಳಿಗ್ಗೆ ನೀರು ಸೇದುವವಳು ಅವಳೇ. ಒಂದು ದಿನವೂ ಅವಳಿಗೆ ಏನೂ ಆಗಿರಲಿಲ್ಲ.

“ಮೂರ್ಸಂಜೆ ಹೊತ್ತಿಗೆ ಬಸುರಿ ಬಾವಿಕಟ್ಟೆಗೆ ಹೋಗುವುದಾ? ಹೇಳಿದರೆ ನಾನು ಕೆಟ್ಟವಳು,” ಎಂದು ಸೊಸೆಯ ಮಣಿಗಂಟಿಗೆ ಕರಿನೂಲು ಕಟ್ಟಿದಳು. ಗುಳಿಗ ಭೂತದ ಕಲ್ಲಿನ ಮುಂದೆ ದೀಪ ಇಟ್ಟು ಬಂದಳು. ಹಿಂದಿನ ಎರಡು ಸಲವೂ ಹೀಗೇ ಏನೋ ಆಗಿರಬೇಕು, ಇವಳು ಬಾಯಿ ಬಿಟ್ಟಿಲ್ಲ ಎಂದು ಮಗನ ಹತ್ತಿರ ತಗ್ಗಿದ ದನಿಯಲ್ಲಿ ಹೇಳಿದಳು.

ಚೆನ್ನಪ್ಪ ಅದನ್ನು ಅಲ್ಲಗಳೆಯಲಿಲ್ಲ. ತಾಯಿಯ ಮಾತು ಕೇಳುತ್ತಿದ್ದಂತೆ ಎದೆಯಲ್ಲಿ ಏನೋ ಒಂದಿಷ್ಟು ಹಗುರಾದದ್ದು ಅವನಿಗೆ ಗೊತ್ತಾಯಿತು; ಗೊತ್ತಾದ ಕೂಡಲೇ ನಾಚಿಕೆಯಾಯಿತು. ಮರುದಿನ ಮಧ್ಯಾಹ್ನ ಅಂಗಡಿಯ ಬಾಗಿಲು ಎಳೆದು ಮನೆಗೆ ಬಂದ. ಮೇನ್ ಸ್ವಿಚ್ಚು ಆರಿಸಿ, ಪ್ಲಗ್ಗನ್ನು ಬಿಚ್ಚಿ, ಒಂದೊಂದು ತಿರುಪನ್ನೂ ಪರೀಕ್ಷಿಸಿದ. ಪುಸ್ತಿಕೆಯ ಚಿತ್ರದೊಂದಿಗೆ ಹೋಲಿಸಿದ. ಎಲ್ಲವೂ ಚಿತ್ರದಲ್ಲಿದ್ದಂತೆಯೇ ಇತ್ತು. ಮತ್ತೊಮ್ಮೆ ನೋಡಿದ. ತಪ್ಪು ಸಿಕ್ಕಿದ್ದರೆ ಸಮಾಧಾನವಾಗುತ್ತಿತ್ತೋ ಏನೋ. ಸಿಗದೆ ಇದ್ದದ್ದು ಅವನನ್ನು ಊಟದ ಹೊತ್ತಿನಲ್ಲೂ ಬಿಡಲಿಲ್ಲ.

ಗುರುವಾರ ಮೈಕಲ್ ಗಡಿಯಾರದ ಪಟ್ಟಿ ಬದಲಿಸಲು ಅಂಗಡಿಗೆ ಬಂದ. ಬಸ್ಸಿಗೆ ಕಾಯುತ್ತಿದ್ದ ಇಬ್ಬರು ಬೆಂಚಿನ ಮೇಲಿದ್ದರು. ಚೆನ್ನಪ್ಪ ಪಟ್ಟಿಯ ತೂತುಗಳನ್ನು ಎಣಿಸುವವನಂತೆ ನಟಿಸುತ್ತ, ನೀರಿಗೆ ಕರೆಂಟು ಇಳಿಯುತ್ತದಾ ಪೊರ್ಬು, ಎಂದು ಯಾರದೋ ಮನೆಯ ಸಂಗತಿಯೆಂಬಂತೆ ಕೇಳಿದ.

ಮೈಕಲ್ ತಲೆ ಎತ್ತಿದ. “ಎಂತ ಚೆನ್ನಪ್ಪಣ್ಣ, ಪ್ಲಗ್ಗು ನೀವೇ ಹಾಕಿಕೊಂಡ್ರಾ?”

ಬೆಂಚಿನ ಮೇಲಿದ್ದವರು ಇತ್ತ ತಿರುಗಿದರು.

“ಛೆ, ಇಲ್ಲ ಮಾರಾಯ. ಸುಮ್ಮನೆ ಕೇಳಿದ್ದು.”

“ಮತ್ತೆ ಸರಿ. ನಿಮ್ಮ ಕೆಲಸ ತಪ್ಪಿದರೆ ಮನುಷ್ಯನಿಗೆ ಬಸ್ಸು ತಪ್ಪುತ್ತದೆ, ಅಷ್ಟೆ,” ಎಂದು ಮೈಕಲ್ ನಕ್ಕ. ಬೆಂಚಿನವರೂ ನಕ್ಕರು. ಸೋಮವಾರ ಖಂಡಿತ ಬರುತ್ತೇನೆ ಎಂದು ಹೇಳಿ ಅವನು ಸೈಕಲ್ ಹತ್ತಿದ. ಕರೆದು ನಿಲ್ಲಿಸಲು ಚೆನ್ನಪ್ಪ ಅಂಗಡಿಯಿಂದ ಇಳಿದದ್ದೂ ನಿಜ. ಸೈಕಲ್ ತಿರುವು ದಾಟುವವರೆಗೂ ನಿಂತಿದ್ದು ಮತ್ತೆ ಮೇಲೆ ಬಂದ.

ಶುಕ್ರವಾರ ಕಿನ್ನಿಯಮ್ಮ ಬಯಕೆಗೆ ಕರೆಯಲು ಸೀತಾಂಗೋಳಿಯ ನೆಂಟರ ಮನೆಗೆ ಹೋದವಳು ಸಂಜೆಯಾದರೂ ಬರಲಿಲ್ಲ. ಚೆನ್ನಪ್ಪ ಬೇಗನೆ ಮನೆಗೆ ಬಂದು ದೀಪದ ಕೆಳಗೆ ಕೂತಿದ್ದ. ಡಾಕ್ಟರೊಬ್ಬರ ಗಡಿಯಾರ, ಮರುದಿನ ಕೊಡಬೇಕಾದ್ದು. ಇಕ್ಕಳದ ತುದಿಯಲ್ಲಿ ಕೂದಲಿನಂಥ ಸುರುಳಿ ಇತ್ತು. ಹೊರಗೆ ರಾಟೆ ಕಿರುಗುಟ್ಟಿತು. ನೀರು ನಾನೇ ತರುತ್ತೇನೆ ಎಂದು ಅವನು ಹೇಳಿದ್ದ. ಯಾವಾಗ ತರುತ್ತೇನೆಂದು ಹೇಳಿರಲಿಲ್ಲ.

ರಾಟೆಯಿಂದ ಹಗ್ಗ ಜಾರಿದ ಸದ್ದು ಕೇಳಿತು. ಹಾಗೆ ಜಾರುವುದು ಇದ್ದದ್ದೇ. ಕೈ ಎತ್ತಿ ರಾಟೆಯನ್ನು ಹಿಡಿದು ಹಗ್ಗವನ್ನು ಮತ್ತೆ ಕೂರಿಸಬೇಕು. ಆಮೇಲೆ ರಾಟೆ ತಿರುಗುವ ಸದ್ದು ಬರಬೇಕಿತ್ತು, ಬರಲಿಲ್ಲ. ಕೊಡ ಬಿದ್ದ ಸದ್ದೂ ಇಲ್ಲ.

“ಎಂತ ಆಯ್ತು?” ಎಂದು ಅವನು ಕೂತಲ್ಲಿಂದಲೇ ಕೇಳಿದ.

ಸುರುಳಿಯನ್ನು ಬಿಟ್ಟರೆ ಅದು ಎಲ್ಲಿಗೆ ಹಾರುತ್ತದೋ ಗೊತ್ತಿಲ್ಲ. ಅವನು ಉಸಿರು ಬಿಗಿಹಿಡಿದು ಅದನ್ನು ಕಾಗದದ ಮೇಲೆ ಇಳಿಸಿದ. ಲೋಟ ಕವುಚಿದ. ದೀಪ ಆರಿಸಿದ. ಆಗ ಹೊರಗೆ ಒದ್ದೆ ಬಟ್ಟೆಯ ಮುದ್ದೆ ಕಲ್ಲಿನ ಮೇಲೆ ಬಿದ್ದಂತೆ ಸದ್ದಾಯಿತು.

ದಮಯಂತಿ ಕಟ್ಟೆಯ ಬುಡದಲ್ಲಿ ಕಂಬಕ್ಕೆ ಒರಗಿ ಕೂತಿದ್ದಳು. ಬಲಗೈಯ ಬೆರಳುಗಳು ಇನ್ನೂ ಏನನ್ನೋ ಹಿಡಿದುಕೊಂಡಂತೆ ಮಡಚಿದ್ದವು. ಅಂಗೈಯಲ್ಲಿ ಬಿಳಿಚಿದ ಒಂದು ಗೆರೆ. ಅವನು ಒಂದೊಂದೇ ಬೆರಳನ್ನು ಬಿಡಿಸಿದ. ಅವಳ ತುಟಿ ಅಲುಗುತ್ತಿತ್ತು.

“ಕೂಗಲಿಕ್ಕೆ ಆಗಲಿಲ್ಲ,” ಎಂದಳು. “ಕಿಟಕಿಯಲ್ಲಿ ನಿಮ್ಮ ಬೆಳಕು ಕಾಣುತ್ತಾ ಇತ್ತು. ಅದು ಹೋಯ್ತು, ಇದು ಕೈ ಬಿಟ್ಟಿತು.”

ಚೆನ್ನಪ್ಪ ಕಿಟಕಿಯ ಕಡೆಗೆ ನೋಡಿದ. ಕಿಟಕಿ ಕಪ್ಪಾಗಿತ್ತು. ಎದ್ದು ಹೋಗುವಾಗ ದೀಪ ಆರಿಸಬೇಕೆಂಬುದು ತಾಯಿ ಚಿಮಿಣಿ ಎಣ್ಣೆಯ ಕಾಲದಲ್ಲಿ ಹೊಡೆದು ಕಲಿಸಿದ ಪಾಠ. ಒಂದು ದಿನವೂ ಅವನು ಅದನ್ನು ಮರೆತವನಲ್ಲ. ಮೂರು ಸಲ ಬಂದು ಮುಟ್ಟಿ ನೋಡುವ ಮೊದಲು ಮೂರು ಸಲವೂ ಆರಿಸಿಯೇ ಬಂದಿದ್ದ.

ಅವಳನ್ನು ಒಳಗೆ ಕೂರಿಸಿ, ಪ್ಲಗ್ಗನ್ನು ಕಿತ್ತು, ಅವನು ಮೈಕಲನ ಮನೆಗೆ ಓಡಿದ. ಮೈಕಲ್ ಮಂಗಳೂರಿಗೆ ಹೋದವನು ಇನ್ನೂ ಬಂದಿರಲಿಲ್ಲ. ಹೆಂಡತಿ ಕ್ಲಾರಾ, ಕೊನೆಯ ಬಸ್ಸಿಗೆ ಬರುತ್ತಾರೆ, ಬೆಳಗಾಗುವಾಗ ಕಳಿಸುತ್ತೇನೆ ಎಂದಳು. ಯಾರಿಗೆ ಏನಾಯಿತೆಂದು ಅವಳು ಕೇಳಿದ್ದಕ್ಕೆ ಅವನು, ಯಾರಿಗೂ ಏನಿಲ್ಲ, ಎಂದ.

ಬೆಳಿಗ್ಗೆ ಮೈಕಲ್ ಬಂದು ಮೊದಲು ಕಂಬಿಯನ್ನೇ ನೋಡಿದ. ಐದು ಸುತ್ತುಗಳನ್ನೂ ನೋಡಿದ. ಅಷ್ಟರಲ್ಲಿ ಮನೆ ಸೇರಿದ್ದ ಕಿನ್ನಿಯಮ್ಮ ಮೂರ್ಸಂಜೆಯ ಕಥೆ ಹೇಳಲು ಹೊರಟಿದ್ದಳು.

“ಇದನ್ನು ಕಟ್ಟಿದ್ದು ಯಾರು?”

“ನಾನು,” ಎಂದ ಚೆನ್ನಪ್ಪ.

“ಬಾವಿಯಲ್ಲಿ ನೀರುಂಟಲ್ಲ ಅಂತ ಕಟ್ಟಿದ್ದಾ? ನೀರು ಕೆಳಗೆ ಉಂಟು ಚೆನ್ನಪ್ಪಣ್ಣ, ಕಂಬಿ ಮೇಲೆ ಉಂಟು. ಎರಡಕ್ಕೂ ನಡುವೆ ಇದ್ದದ್ದು ಈ ಅಕ್ಕ.”

ಒಳಗೆ ಹೋಗಿ ಮೈಕಲ್ ದೀಪದ ಬುಡವನ್ನು ಬಿಚ್ಚಿದ. ಹಳೆಯ ತಂತಿಯ ಮೇಲಿನ ನೂಲು ಸವೆದು ತಾಮ್ರ ಕಬ್ಬಿಣಕ್ಕೆ ತಾಗಿತ್ತು. ದೀಪ ಉರಿದಾಗಲೆಲ್ಲ ಕರೆಂಟು ಆ ಮೂರನೆಯ ತಂತಿಯಲ್ಲಿ ಬಾವಿಯ ಕಂಬಿಗೆ ಹೋಗುತ್ತಿತ್ತು. ಚೆನ್ನಪ್ಪ ಪ್ಲಗ್ಗನ್ನು ನೋಡಿದ್ದ, ಗೋಡೆಯನ್ನು ನೋಡಿದ್ದ. ಚೆನ್ನಾಗಿ ಉರಿಯುತ್ತಿದ್ದ ದೀಪವನ್ನು ಬಿಚ್ಚಿ ನೋಡಬೇಕೆಂದು ಅವನಿಗೆ ಹೊಳೆದಿರಲಿಲ್ಲ. ಮೈಕಲ್ ಎಷ್ಟು ದಿನವಾಯಿತೆಂದು ಕೇಳಿದ. ಹನ್ನೊಂದು ಎಂದು ತಿಳಿದ ಮೇಲೆ ಇಕ್ಕಳ ತೆಗೆದುಕೊಂಡು ಕಂಬಿಯ ಸುತ್ತುಗಳನ್ನು ಕತ್ತರಿಸತೊಡಗಿದ.

ದಮಯಂತಿ ಹಿತ್ತಿಲ ಮೆಟ್ಟಿಲಲ್ಲಿ ಕೂತಿದ್ದಳು.

“ಅಕ್ಕಾ, ಈಗ ಹೇಗುಂಟು?”

“ನನಗೆ ಎಂತ ಇಲ್ಲ,” ಎಂದಳು ಅವಳು.

ಮೈಕಲ್ ಅವಳ ಹೊಟ್ಟೆಯ ಕಡೆ ನೋಡಿದ. ಕಾಸರಗೋಡಿಗೆ ಎಂಟು ಗಂಟೆಯ ಬಸ್ಸು ಉಂಟು, ದೊಡ್ಡ ಡಾಕ್ಟರಿಗೆ ತೋರಿಸಿ, ಇವತ್ತೇ ಹೋಗಿ ಎಂದು ಅವನು ಚೆನ್ನಪ್ಪನ ಮುಖ ನೋಡದೆ ಹೇಳಿದ. ಕಿನ್ನಿಯಮ್ಮ ಸೊಸೆಗೆ ಉಡಲು ಬೇರೆ ಸೀರೆ ತರಲು ಹೋದಳು. ಚೆನ್ನಪ್ಪ ಒಳಗೆ ಹೋಗಿ ಅಂಗಿ ತೊಟ್ಟ. ಅಂಗಿಯ ಗುಂಡಿಗಳು ಒಂದು ತೂತು ತಪ್ಪಿ ಕೂತವು. ಬಿಚ್ಚಿ ಮತ್ತೆ ಹಾಕಿಕೊಂಡು ಹೊರಗೆ ಬಂದ.

ದಮಯಂತಿ ಸೆರಗನ್ನು ಸರಿಸಿ ಹೊಟ್ಟೆಯ ಎಡಕ್ಕೆ ಅಂಗೈ ಒತ್ತಿಕೊಂಡಿದ್ದಳು. ಅವಳ ಕಣ್ಣು ಅಂಗಳದಲ್ಲಿತ್ತು, ಅಲ್ಲಿ ಏನನ್ನೂ ನೋಡುತ್ತಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅಂಗೈಯನ್ನು ಬಲಕ್ಕೆ ತಂದಳು.

“ಎಂತ?” ಎಂದು ಕೇಳಿದ ಚೆನ್ನಪ್ಪ.

ಅವಳು ಇನ್ನೊಂದು ಕೈಯನ್ನು ಎತ್ತಿ ಅವನ ಮಾತನ್ನು ತಡೆದಳು. ಬಾವಿಯ ಹತ್ತಿರ ಮೈಕಲನ ಇಕ್ಕಳವೂ ಸುಮ್ಮನಾಯಿತು. ಅವಳು ಅಂಗೈಯನ್ನು ಇನ್ನೂ ಎರಡು ಬೆರಳಷ್ಟು ಕೆಳಗೆ ಸರಿಸಿ, ಅಲ್ಲಿಯೇ ಇಟ್ಟುಕೊಂಡು ಮಗುವಿನ ಮಿಸುಕಾಟಕ್ಕೆ ಕಾದಳು.