ನೀಲಾಂಬಿಕಾ ಉಳಿಸಿಕೊಂಡ ಆಟ

ಆ ಭಾನುವಾರ ಬೆಳಿಗ್ಗೆ ನೀಲಾಂಬಿಕಾ ತನ್ನ ಫೋನನ್ನು ಶಶಿಕಲಾ ಅವರ ಕೈಗೆ ಕೊಡುವಾಗ ಒಂದು ಮಾತು ಹೇಳಿಯೇ ಕೊಟ್ಟಿದ್ದಳು. ಅಪ್ಪ ನಾಲ್ಕು ದಿನದಿಂದ ಆಸ್ಪತ್ರೆಯಲ್ಲಿದ್ದಾರೆ, ನಿನ್ನೆ ಸಂಜೆಯಿಂದ ಪರವಾಗಿಲ್ಲ, ಆಟ ಬಿಡಬೇಡ ಹೋಗು ಎಂದು ಅವರೇ ಕಳಿಸಿದ್ದಾರೆ, ಆದರೂ ತಮ್ಮನಿಂದ ಫೋನ್ ಬಂದರೆ ತಿಳಿಸಿಬಿಡಿ ಎಂದು. ಶಶಿಕಲಾ ಆಗಲಿ ಎಂದರು. ಉಳಿದ ಆಟಗಾರರ ಫೋನುಗಳೆಲ್ಲ ಸ್ವಿಚ್ ಆಫ್ ಆಗಿ ಬುಟ್ಟಿ ಸೇರಿದವು. ಅದೊಂದನ್ನು ಮಾತ್ರ ಸದ್ದಡಗಿಸಿ ತಮ್ಮ ಮೇಜಿನ ಮೇಲಿಟ್ಟುಕೊಂಡರು.

ಚಂದ್ರಾ ಲೇಔಟಿನ ಒಂದು ಶಾಲೆಯ ಹಾಲಿನಲ್ಲಿ ಚೆಸ್ ಪಂದ್ಯಾವಳಿ. ಶಶಿಕಲಾ ಅಲ್ಲಿ ತೀರ್ಪುಗಾರರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಮದುವೆಗೆ ಮೊದಲು ತಾವೂ ಕಾಲೇಜಿನ ಪರವಾಗಿ ಆಡಿದವರು. ನೀಲಾಂಬಿಕಾಳನ್ನು ಅವರು ಆರೇಳು ವರ್ಷದಿಂದ ಬಲ್ಲರು. ಅನ್ನಪೂರ್ಣೇಶ್ವರಿ ನಗರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಅವಳಿಗೆ ಕೆಲಸ. ಆಟ ಕಲಿಸಿದ್ದು ಅವಳ ಅಪ್ಪ ದುಂಡಪ್ಪ. ಸಿಂದಗಿ ಕಡೆಯಿಂದ ಬಂದು ಅಪಾರ್ಟ್‌ಮೆಂಟೊಂದರ ಗೇಟಿನಲ್ಲಿ ಸೆಕ್ಯುರಿಟಿಯಾಗಿದ್ದ ಮನುಷ್ಯ, ಆ ಪುಟ್ಟ ಗೂಡಿನೊಳಗೆ ಮಗಳನ್ನು ಎದುರಿಗೆ ಕೂರಿಸಿಕೊಂಡು ಕಲಿಸಿದ್ದ. ಪಂದ್ಯವಿದ್ದ ದಿನ ಹಾಲಿನ ಬಾಗಿಲವರೆಗೆ ಬಂದು, ಒಳಗೆ ಬನ್ನಿ ಎಂದರೂ ಬಾರದೆ ಅಲ್ಲೇ ನಿಂತಿರುತ್ತಿದ್ದ.

ಹನ್ನೊಂದೂ ಮುಕ್ಕಾಲಿಗೆ ಮೇಜಿನ ಮೇಲಿದ್ದ ಫೋನು ಬೆಳಗಿತು. ಶಶಿಕಲಾ ಅದನ್ನೆತ್ತಿಕೊಂಡು ಕಾರಿಡಾರಿಗೆ ಹೋದರು. ಆ ಕಡೆಯಿಂದ ತಮ್ಮ ರೇವಣಸಿದ್ದ, “ಅಪ್ಪಗ ಉಸಿರಾಡಾಕ ತ್ರಾಸ ಆಗಾಕತ್ತೈತ್ರಿ. ಅಕ್ಕನ್ನ ಕಳಸ್ರಿ,” ಎಂದ. ದನಿ ಗಾಬರಿಯದೇನೂ ಆಗಿರಲಿಲ್ಲ. ಶಶಿಕಲಾ ತಿರುಗಿ ಕಿಟಕಿಯಿಂದ ನಾಲ್ಕನೇ ಟೇಬಲ್ ಕಡೆ ನೋಡಿದರು. ನೀಲಾಂಬಿಕಾಳ ಎದುರು ಕೂತಿದ್ದವರು ನಾಣಿ, ರಾಜಾಜಿನಗರದ ಹಳೆಯ ಆಟಗಾರ. ಹಲಗೆಯ ಮೇಲೆ ಉಳಿದಿದ್ದು ಎರಡು ರಾಜ, ಎರಡು ಆನೆ, ನಾಣಿಯವರದೊಂದು ಕಾಲಾಳು. ಆ ಕಾಲಾಳಿನ ಮುಂದೆ ದಾರಿ ಬಯಲು. ಅದು ಕೊನೆಯ ಸಾಲು ಮುಟ್ಟಿದರೆ ರಾಣಿಯಾಗುತ್ತದೆ, ಆಟ ಮುಗಿಯುತ್ತದೆ. ಅದನ್ನು ತಡೆಯಬೇಕಾಗಿದ್ದ ನೀಲಾಂಬಿಕಾಳ ರಾಜನನ್ನು ನಾಣಿಯವರ ಆನೆ ದೂರದಲ್ಲೇ ಅಡ್ಡಗಟ್ಟಿ ನಿಲ್ಲಿಸಿತ್ತು. ಸೋತ ಆಟ ಅದು, ಶಶಿಕಲಾ ಅವರಿಗೆ ಅನುಮಾನವೇ ಇರಲಿಲ್ಲ.

“ಐದು ನಿಮಿಷ ಕಣಪ್ಪ, ಮುಗೀತಾ ಬಂತು. ಈಗ್ಲೇ ಕಳಿಸ್ತೀನಿ,” ಎಂದರು.

ಒಳಗೆ ಬಂದಾಗ ನಾಣಿಯವರು ಒಂದು ಚೆಕ್ ಕೊಟ್ಟಿದ್ದರು. ಗೆದ್ದೇಬಿಟ್ಟೆ ಅಂದುಕೊಂಡವರ ಅವಸರ. ಚೆಕ್ ಕೊಡಲು ಆನೆ ತನ್ನ ಕಾವಲು ಬಿಟ್ಟು ಸರಿದಿತ್ತು. ನೀಲಾಂಬಿಕಾ ಬಹಳ ಹೊತ್ತು ಯೋಚಿಸಲಿಲ್ಲ. ಅವಳ ರಾಜ ಆ ತೆರವಿನಲ್ಲಿ ನುಸುಳಿ, ಇನ್ನೆರಡು ನಡೆಗಳಲ್ಲಿ ಕಾಲಾಳಿನ ದಾರಿಗೇ ಅಡ್ಡ ಬಂದು ನಿಂತ. ಆಮೇಲೆ ಅವಳು ತನ್ನ ಆನೆಯನ್ನು ತನ್ನ ಕಡೆಯಿಂದ ಮೂರನೆಯ ಸಾಲಿನಲ್ಲಿ ನಿಲ್ಲಿಸಿದಳು. ಎದುರಾಳಿಯ ರಾಜ ಆ ಸಾಲು ದಾಟುವಂತಿಲ್ಲ. ಆನೆ ಅಲ್ಲೇ ಆ ಕಡೆ ಈ ಕಡೆ ಓಡಾಡುತ್ತ ಕಾಯಬೇಕು. ರಾಜನಿಗೆ ದಾರಿ ಮಾಡಲು ಕಾಲಾಳು ತಾನೇ ಆ ಸಾಲಿಗೆ ನುಗ್ಗಿದ ಕೂಡಲೇ ಆನೆ ಹಲಗೆಯ ಆ ತುದಿಗೆ ಹೋಗಿ ಹಿಂದಿನಿಂದ ಚೆಕ್ ಕೊಡತೊಡಗಬೇಕು. ಆಗ ಆ ರಾಜ ಮರೆಯಾಗಲು ಜಾಗವಿರುವುದಿಲ್ಲ, ಇದ್ದ ಒಂದು ಜಾಗವನ್ನು ಅವನ ಕಾಲಾಳೇ ಹಿಡಿದಿರುತ್ತದೆ. ಚೆಸ್ ಪುಸ್ತಕ ಓದಿದವರಿಗೆಲ್ಲ ಗೊತ್ತಿರುವ ರಕ್ಷಣೆಯೇ, ಆದರೆ ಗಡಿಯಾರ ಓಡುತ್ತಿರುವಾಗ ತಪ್ಪದೆ ಆಡುವುದು ಕಷ್ಟ.

ಐದು ನಿಮಿಷ ಕಳೆಯಿತು. ಹದಿನೈದಾಯಿತು. ಒಪ್ಪಿಕೊಂಡು ಎದ್ದುಹೋಗುವ ಜಾಯಮಾನ ನಾಣಿಯವರದಲ್ಲ. ಆನೆಯನ್ನು ಮೇಲಕ್ಕೆ ಒಯ್ದರು, ಕೆಳಕ್ಕೆ ತಂದರು, ರಾಜನನ್ನು ಸುತ್ತು ಹಾಕಿಸಿದರು. ನೀಲಾಂಬಿಕಾಳ ಆನೆ ಆ ಸಾಲು ಬಿಟ್ಟು ಕದಲಲಿಲ್ಲ.

ಹನ್ನೆರಡೂ ಕಾಲಿಗೆ ಫೋನು ಮತ್ತೆ ಬೆಳಗಿತು. ಶಶಿಕಲಾ ಎದ್ದರು. ಗಡಿಯಾರ ನಿಲ್ಲಿಸಿ ಮಾತಾಡಿಸುವ ಅಧಿಕಾರ ತೀರ್ಪುಗಾರರಿಗಿದೆ, ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಟೇಬಲಿನ ಹತ್ತಿರ ಹೋಗಿ ನಿಂತರು. ಆ ಹೊತ್ತಿಗೇ ನಾಣಿಯವರು ಸಹನೆಗೆಟ್ಟು ಕಾಲಾಳನ್ನು ಮುಂದೆ ತಳ್ಳಿದರು. ನೀಲಾಂಬಿಕಾ ಆನೆಯನ್ನೆತ್ತಿ ಹಲಗೆಯ ಆ ತುದಿಗೆ ಇಟ್ಟಳು. ಅವಳ ಕಿವಿ ಕೆಂಪಗಾಗಿತ್ತು. ಶಶಿಕಲಾ ಮಾತಾಡಲಿಲ್ಲ. ಇನ್ನು ನಾಲ್ಕೇ ಚೆಕ್, ಆಮೇಲೆ ಇವರೇ ಡ್ರಾ ಅಂತಾರೆ ಎಂದುಕೊಂಡರು. ಕೈಯಲ್ಲಿದ್ದ ಫೋನು ಬೆಳಗುತ್ತಿದ್ದು ತಾನೇ ಆರಿತು.

ನಾಣಿಯವರು ನಾಲ್ಕಕ್ಕೇ ಬಿಡಲಿಲ್ಲ. ಡ್ರಾ ಆದಾಗ ಹನ್ನೆರಡು ಐವತ್ತು. ಅಂಕಪಟ್ಟಿಗೆ ಇಬ್ಬರೂ ಸಹಿ ಹಾಕಿದ ಮೇಲೆ ಶಶಿಕಲಾ ಅವಳ ಭುಜ ಹಿಡಿದು, ತಮ್ಮ ಫೋನ್ ಮಾಡಿದ್ದ, ನಡಿ ಹೋಗೋಣ, ನಾನೂ ಬರ್ತೀನಿ ಎಂದರು. ಯಾವಾಗ ಮಾಡಿದ್ದ ಎಂದು ಹೇಳಲಿಲ್ಲ. ನೀಲಾಂಬಿಕಾ ಆಟೋ ಹತ್ತುವಾಗಲೇ ತಮ್ಮನಿಗೆ ಫೋನ್ ಮಾಡಿದಳು. ಅವನು ಎತ್ತಲಿಲ್ಲ. ಓಡಿಸುತ್ತಿರಬೇಕು ಎಂದಳು. ಅವನು ಊಟ ತಲುಪಿಸುವ ಬೈಕಿನ ಕೆಲಸದವನು. ಪೈಪಿಗೆಂದು ಅಗೆದಿಟ್ಟ ರಸ್ತೆಯಲ್ಲಿ ಆಟೋ ಕುಲುಕುತ್ತಾ ಹೋಗುವಾಗ ಅವಳು ಅಪ್ಪನಿಗೆ ಈ ಆಟವನ್ನು ಹೇಗೆ ಹೇಳಬೇಕೆಂದು ಹೇಳುತ್ತಿದ್ದಳು. ಆ ಚೆಕ್ಕಿನ ಹತ್ತಿರ ನಿಲ್ಲಿಸಿ, ಈಗ ನೀನಾಗಿದ್ದರೆ ಏನು ಆಡ್ತಿದ್ದೆ ಎಂದು ಅವನನ್ನೇ ಕೇಳುವುದಂತೆ. ಶಶಿಕಲಾ ಹೊರಗೆ ನೋಡುತ್ತಾ ಕೂತಿದ್ದರು.

ಆಸ್ಪತ್ರೆಯ ಮೆಟ್ಟಿಲ ಮೇಲೆ ರೇವಣಸಿದ್ದ ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅಕ್ಕನನ್ನು ಕಂಡು ಏಳಲೂ ಇಲ್ಲ. ದುಂಡಪ್ಪ ಹೋಗಿ ಕಾಲು ಗಂಟೆಗೂ ಮೇಲಾಗಿತ್ತು.

ಆ ವಾರವಿಡೀ ಶಶಿಕಲಾ ತಮಗೆ ತಾವೇ ಲೆಕ್ಕ ಕೊಟ್ಟುಕೊಂಡರು. ಪಾಪ, ಆಟ ಕೆಡಬಾರದೆಂದಲ್ಲವೇ ಸುಮ್ಮನಿದ್ದದ್ದು. ಮೊದಲ ಸಲದ ಮಟ್ಟಿಗೆ ಅದು ನಿಜವಿರಬಹುದು. ಎರಡನೆಯ ಸಲದ್ದು ಹಾಗಲ್ಲ ಎಂದು ಅವರ ಮನಸ್ಸಿಗೆ ಗೊತ್ತಿತ್ತು. ಆ ಹುಡುಗಿ ಆಟ ಉಳಿಸಿಕೊಳ್ಳುತ್ತಾಳೋ ಇಲ್ಲವೋ ಎಂದು ನೋಡುವ ಆಸೆಗೆ ಅವರು ನಿಂತಿದ್ದರು. ಅಷ್ಟೇ. ಇದನ್ನು ಯಾರಿಗೂ ಹೇಳದೆ ಇರಬಹುದಿತ್ತು, ಯಾರೂ ಕೇಳಿರಲಿಲ್ಲ. ಮುಂದಿನ ಭಾನುವಾರ ಒಂದಿಷ್ಟು ಹಣ್ಣು ಕಟ್ಟಿಸಿಕೊಂಡು ಹೇರೋಹಳ್ಳಿಗೆ, ನೀಲಾಂಬಿಕಾಳ ಮನೆಗೆ ಹೋದರು.

ಒಂದೇ ಕೋಣೆಯ ಮನೆ. ಗೋಡೆಗಾನಿಸಿದ ದುಂಡಪ್ಪನ ಫೋಟೋಗೆ ವಿಭೂತಿ ಹಚ್ಚಿ ಹೂ ಇಟ್ಟಿದ್ದರು. ತಾಯಿ ದಾನಮ್ಮ ಚಾಪೆ ಹಾಸಿ ಚಹಾ ಕಾಸಲು ಒಲೆಯ ಕಡೆ ಹೋದಳು. ಶಶಿಕಲಾ ಕೂತವರೇ, ಸುತ್ತಿ ಬಳಸದೆ, ಫೋನು ಎರಡು ಸಲ ಬಂದದ್ದನ್ನೂ ತಾವು ಹೇಳದೆ ಇದ್ದದ್ದನ್ನೂ ಹೇಳಿದರು. ನೋಡುವ ಆಸೆಯ ಮಾತನ್ನೂ ಬಿಡಲಿಲ್ಲ.

ನೀಲಾಂಬಿಕಾ ತಲೆ ತಗ್ಗಿಸಿ ಕೇಳಿದಳು. “ಫೋನಲ್ಲಿ ಟೈಮ್ ಇತ್ತು ಮೇಡಂ. ಅವತ್ತೇ ನೋಡಿದ್ದೆ. ನೀವು ಹೇಳ್ತೀರೋ ಇಲ್ವೋ ಅಂತ ಕಾಯ್ತಿದ್ದೆ.”

ಶಶಿಕಲಾ ಹಣ್ಣಿನ ಚೀಲವನ್ನು ಚಾಪೆಯ ಬದಿಗೆ ಸರಿಸಿದರು.

“ಸೋಲ್ತಿದ್ದೋಳು ನಾನು,” ಎಂದಳು ನೀಲಾಂಬಿಕಾ. “ಸೋತು ಎದ್ದು ಹೋಗ್ತಿದ್ದೆ. ಅದನ್ನ ನನಗೇ ಬಿಡಬೇಕಿತ್ತು.” ಬೈಗುಳದ ದನಿಯಲ್ಲ ಅದು. ಬೈದಿದ್ದರೆ ವಾಸಿಯಿತ್ತು ಎನಿಸಿತು ಶಶಿಕಲಾ ಅವರಿಗೆ.

ದಾನಮ್ಮ ಚಹಾ ತಂದಿಟ್ಟು ಎದುರಿಗೆ ಕೂತಳು. ಮಗಳು ಆ ದಿನ ಗೆದ್ದಳೋ ಸೋತಳೋ ತನಗೆ ಯಾರೂ ಹೇಳಲೇ ಇಲ್ಲ ಎಂದಳು. ಗಂಡ ಬೆಳಗಿನಿಂದ ಅದನ್ನೇ ಕೇಳುತ್ತಿದ್ದನಂತೆ. ಶಶಿಕಲಾ ಲೋಟ ಕೈಗೆತ್ತಿಕೊಂಡು, ಗೆಲ್ಲಲೂ ಇಲ್ಲ, ಸೋಲಲೂ ಇಲ್ಲ, ಇಬ್ಬರಿಗೂ ಅರ್ಧರ್ಧ ಅಂಕ ಎಂದು ಬಿಡಿಸಿ ಹೇಳಿದರು.

ದಾನಮ್ಮ ಅರ್ಥ ಮಾಡಿಕೊಳ್ಳಲು ಹೆಣಗುವವಳಂತೆ ಹುಬ್ಬು ಗಂಟಿಕ್ಕಿದಳು. “ಅಷ್ಟಕ್ಕ ಅಷ್ಟೊತ್ತು ಬೇಕಾತೇನ್ರೀ ಅಕ್ಕಾರ?”

ನೀಲಾಂಬಿಕಾ ಎದ್ದು ಬಾಗಿಲ ಹೊರಗೆ ಹೋಗಿ ನಿಂತಳು. ಹೂಂ ಎಂದರು ಶಶಿಕಲಾ, ಬೇಕಾಯಿತು ಎಂದರು. ಚಹಾ ತಣ್ಣಗಾಗುವವರೆಗೆ ಅಲ್ಲೇ ಕೂತಿದ್ದರು.