ವಾಗೀಶ್ ಸರ್ ಮುಗಿಸದ ಸರ್ವ್

ವಾಗೀಶ್ ಸರ್ ಆಟ ನೋಡಿಲ್ಲದವರು ಒಮ್ಮೆ ಹುಡುಕಿ ನೋಡಿ. ಯಾರೋ ಪುಣ್ಯಾತ್ಮರು ಹಳೆಯ ಕ್ಯಾಸೆಟ್‌ನಿಂದ ಇಳಿಸಿ ನೆಟ್‌ಗೆ ಹಾಕಿದ್ದಾರೆ. ಎಲ್ಲರೂ ಹಿಂದಿನ ಗೆರೆಯಲ್ಲೇ ನಿಂತು ಬಡಿದಾಡುತ್ತಿದ್ದ ಕಾಲದಲ್ಲಿ ಈ ಮೈಸೂರಿನ ಟೆನಿಸ್ ಆಟಗಾರ ಸರ್ವ್ ಮಾಡಿದ್ದೇ ತಡ, ಬಲೆಯ ಹತ್ತಿರಕ್ಕೆ ನುಗ್ಗಿಬಿಡುತ್ತಿದ್ದರು. ಬ್ಯಾಕ್‌ಹ್ಯಾಂಡ್ ಒಂದೇ ಕೈಯಲ್ಲಿ, ಸೌತೆಕಾಯಿ ಹೆಚ್ಚಿದಷ್ಟು ತೆಳುವಾಗಿ. ಚೆಂಡು ನೆಲ ಬಿಟ್ಟು ಏಳುತ್ತಲೇ ಇರಲಿಲ್ಲ. ಇನ್ನು ಆ ಸರ್ವ್! ಬೆನ್ನು ಬಿಲ್ಲಿನಂತೆ ಬಾಗಿಸಿ, ಕಣ್ಣು ಆಕಾಶದಲ್ಲಿ ನೆಟ್ಟು, ಚೆಂಡು ಇಳಿಯುವುದನ್ನೇ ಮರೆತಿದೆಯೇನೋ ಅನ್ನಿಸುವಷ್ಟು ಹೊತ್ತು ಕಾಯುತ್ತಿದ್ದರು.

ಪುಣೆಯ ಫೈನಲ್ ಅವರ ಕೊನೆಯ ಪಂದ್ಯ. ಇನ್ನೊಂದು ಪಾಯಿಂಟ್ ಬಂದರೆ ಗೆಲುವು. ಚೆಂಡು ಮೇಲಕ್ಕೆ ಹೋಯಿತು, ಬಲಗೈ ಎದ್ದಿತು, ಭುಜದಲ್ಲಿ ಬಟ್ಟೆ ಹರಿದಂಥ ಸದ್ದು. ವಿಡಿಯೊದಲ್ಲೂ ಅದು ಕೇಳಿಸುತ್ತದೆ. ಅಂದಿನಿಂದ ಆ ಕೈ ಎದೆಯ ಮಟ್ಟಕ್ಕಿಂತ ಮೇಲೇರಿಲ್ಲ.

ಈಗ ಅವರು ಕುಂಬಾರಕೊಪ್ಪಲಿನ ಒಂದು ಮಣ್ಣಿನ ಅಂಕಣದಲ್ಲಿ ಟೆನಿಸ್ ಕಲಿಸುತ್ತಾರೆ. ನನ್ನ ತಂಗಿ ವರ್ಷಿಣಿಯನ್ನು ಹಟ ಹಿಡಿದು ಅಲ್ಲಿಗೆ ಸೇರಿಸಿದವನು ನಾನು. ಅವರ ಪಾಠದ ಕ್ರಮವೇ ಬೇರೆ. ಬೆಳಗಿನ ಬಿಸಿಲಿಗೆ ಬೆನ್ನು ಕೊಟ್ಟು ಸರ್ ನಿಲ್ಲುತ್ತಾರೆ. ಕೆಂಪು ಮಣ್ಣಿನ ಮೇಲೆ ಉದ್ದನೆಯ ನೆರಳು ಬೀಳುತ್ತದೆ. ಕಲಿಯುವವರು ಆ ನೆರಳಿನ ಮೇಲೆ ನಿಂತು, ಅದರ ಕೈಯಾಡಿದಂತೆ ತಾವೂ ರ‍್ಯಾಕೆಟ್ ಬೀಸಬೇಕು. ಚೆಂಡು ಇಲ್ಲ.

ಒಂದು ಬೆಳಿಗ್ಗೆ ಗಮನಿಸಿದೆ. ಸರ್ ಕೈ ಎದೆಯ ಹತ್ತಿರವೇ ಇತ್ತು. ನೆರಳಿನ ಕೈ ಮಾತ್ರ ತಲೆಯ ಮೇಲಕ್ಕೆ ಪೂರ್ತಿ ಚಾಚಿತ್ತು. ಬಿಸಿಲಿನ ಕಣ್ಕಟ್ಟು ಅಂದುಕೊಂಡೆ.

ಕೆಲವೇ ತಿಂಗಳಲ್ಲಿ ವರ್ಷಿಣಿಯ ಎರಡು ಕೈಯ ಬ್ಯಾಕ್‌ಹ್ಯಾಂಡ್ ಮಾಯವಾಯಿತು. ಅದೇ ತೆಳುವಾದ ಹೊಡೆತ, ಅದೇ ನುಗ್ಗುವಿಕೆ. ನನಗೆ ಖುಷಿಯೋ ಖುಷಿ.

“ಅಣ್ಣ, ಸರ್ವ್ ಮಾಡುವಾಗ ಕೈ ನಾನು ಎತ್ತಲ್ಲ ಕಣೋ. ಅದೇ ಎದ್ಬುಡ್ತದೆ,” ಎಂದಳು ಒಂದು ಸಂಜೆ, ಭುಜಕ್ಕೆ ಮುಲಾಮು ತಿಕ್ಕಿಕೊಳ್ಳುತ್ತ.

“ಅದ್ಕೇ ಕಣೇ ಪ್ರಾಕ್ಟೀಸ್ ಅನ್ನೋದು.”

“ಹಂಗಾದ್ರೆ ನೀನೇ ಬಂದು ಆಡು. ಮೊಬೈಲ್ ನೋಡ್ಕೊಂಡು ಭಾಷಣ ಬಿಗೀತಾನೆ!”

ಜಿಲ್ಲಾ ಟೂರ್ನಿಯಲ್ಲಿ ವರ್ಷಿಣಿ ಫೈನಲ್ ತಲುಪಿದಳು. ಅದು ಸಂಜೆ ಬಿಸಿಲಿನಲ್ಲಿ ನಡೆಯಿತು. ಎದುರಾಳಿ ಅನನ್ಯ. ಕೊನೆಯ ಸೆಟ್ಟಿನಲ್ಲಿ ವರ್ಷಿಣಿಯ ಚೆಂಡೊಂದು ಬಲೆಯ ಅಂಚಿಗೆ ತಾಗಿ ಆಚೆ ಬಿತ್ತು. ಆಮೇಲೆ ಎರಡು ಸರ್ವ್ ತಪ್ಪಿದಳು. ಆಮೇಲೆ ತಲೆಯ ಮೇಲಿಂದ ಹಾರಿದ ಚೆಂಡನ್ನು ಹಿಂದಕ್ಕೆ ಓಡಿ ತೆಗೆದಳು. ವಿಡಿಯೊದಲ್ಲಿ ನೋಡಿದ್ದ ಪುಣೆಯ ಪಾಯಿಂಟ್‌ಗಳೇ ಒಂದೊಂದಾಗಿ, ಅದೇ ಸಾಲಿನಲ್ಲಿ ಬರುತ್ತಿದ್ದವು. ಈಗ ವರ್ಷಿಣಿಗೂ ಗೆಲುವಿಗೆ ಒಂದೇ ಪಾಯಿಂಟ್ ಬಾಕಿ. ಮುಂದೆ ಏನಾಗುತ್ತದೆಂದು ನನಗೆ ಬಾಯಿಪಾಠ.

ಮೆಟ್ಟಿಲ ಮೇಲೆ ಕೂತಿದ್ದ ಸರ್ ಹತ್ತಿರ ಓಡಿದೆ.

“ಸರ್, ನಿಲ್ಸಿ ಸರ್! ಇನ್ನೊಂದು ಸರ್ವ್‌ಗೆ ಅವಳ ಭುಜ ಹೋಗ್ಬುಡ್ತದೆ!”

ಅವರು ನನ್ನತ್ತ ತಿರುಗಲಿಲ್ಲ. “ಆ ಪಾಯಿಂಟ್ ಇನ್ನೂ ಮುಗಿದಿಲ್ಲಪ್ಪ. ಇಷ್ಟು ವರ್ಷದಿಂದ ಚೆಂಡು ಮೇಲೇ ಇದೆ. ಒಂದ್ಸಲ ಹೊಡೆದು ಮುಗಿಸ್ಲಿ.”

“ಅವಳ ಕೈ ಸರ್ ಅದು. ನಿಮ್ದಲ್ಲ.”

ಆಗ ನೋಡಿದೆ. ನನ್ನ ನೆರಳು ಮೆಟ್ಟಿಲ ಮೇಲೆ ಬಿದ್ದಿತ್ತು. ಅವರದು ಇರಲಿಲ್ಲ. ಕೆಳಗೆ, ವರ್ಷಿಣಿಯ ಕಾಲಡಿಯಿಂದ ಅಗಲ ಹೆಗಲಿನ ಗಂಡಸಿನ ನೆರಳೊಂದು ಚಾಚಿಕೊಂಡಿತ್ತು. ಅವಳು ಚೆಂಡು ತೂರುವ ಮೊದಲೇ ಅದು ತೂರಿಯಾಗಿತ್ತು.

“ವರ್ಷೀ! ಕೆಳಗಿಂದ ಹಾಕೇ! ಮಕ್ಕಳ ಥರ ಹಾಕು!”

ಅಂಪೈರ್ ಗದರಿದರು. ಅವಳು ತೂರಿದ ಚೆಂಡನ್ನು ಕೈಯಲ್ಲಿ ಹಿಡಿದುಕೊಂಡಳು. ಮತ್ತೆ ಸಿದ್ಧಳಾದಳು. ಬಲಗೈ ಎಳೆದಂತೆ ಮೇಲೇಳುತ್ತಿತ್ತು. ಹಲ್ಲು ಕಚ್ಚಿ ಅದನ್ನು ಸೊಂಟದವರೆಗೆ ತಗ್ಗಿಸಿದಳು. ನೆರಳು ಮಾತ್ರ ತಗ್ಗಲಿಲ್ಲ. ಬೆನ್ನು ಬಾಗಿಸಿತು, ಕಾಯಿತು, ಹೊಡೆಯಿತು. ಬಟ್ಟೆ ಹರಿದಂಥ ಸದ್ದು ನನ್ನ ಪಕ್ಕದಲ್ಲೇ ಕೇಳಿಸಿತು.

ವರ್ಷಿಣಿ ಕೆಳಗಿನಿಂದ ತಳ್ಳಿದ ಚೆಂಡು ಮೆತ್ತಗೆ ಬಲೆ ದಾಟಿತು. ಅನನ್ಯ ಅದರತ್ತ ನೋಡಲೇ ಇಲ್ಲ. ಅಂಕಣದ ಹೊರಗೆರೆಯತ್ತ ಜಿಗಿದು, ಏನೂ ಇಲ್ಲದ ಕಡೆ ರ‍್ಯಾಕೆಟ್ ಚಾಚಿ ಮುಗ್ಗರಿಸಿದಳು. ಮೆತ್ತನೆಯ ಚೆಂಡು ಎರಡನೆಯ ಸಲ ಪುಟಿಯಿತು. ಪಂದ್ಯ ಮುಗಿಯಿತು.

“ಎರಡು ಚೆಂಡು ಹಾಕಿದ್ಯಲ್ಲೇ!” ಎಂದು ಅನನ್ಯ ಕೂಗುತ್ತಿದ್ದಳು. “ಒಂದು ಕಿವಿ ಪಕ್ಕದಲ್ಲೇ ಹೋಯ್ತು!”

ವಾಗೀಶ್ ಸರ್ ಎದ್ದು ನಿಂತಿದ್ದರು. ಬಲಗೈಯನ್ನು ನಿಧಾನವಾಗಿ ಎತ್ತಿದರು, ತಲೆಗಿಂತ ಮೇಲಕ್ಕೆ. “ನೋವೇ ಇಲ್ಲ ಕಣಪ್ಪ,” ಎಂದರು. ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಅವರ ನೆರಳು ಮೆಟ್ಟಿಲಿಗೆ ಮರಳಿತ್ತು. ಅದರ ಬಲಗೈ ಜೋತುಬಿದ್ದಿತ್ತು.

ವರ್ಷಿಣಿ ಭುಜವನ್ನು ಒಮ್ಮೆ ತಿರುಗಿಸಿ ನೋಡಿಕೊಂಡಳು. ಸರಿಯಿತ್ತು. ಬ್ಯಾಗು ಹೆಗಲಿಗೇರಿಸಿ ನನ್ನತ್ತ ಹೊರಟವಳು, ಆ ನೆರಳು ಬಿದ್ದಿದ್ದ ಮೆಟ್ಟಿಲುಗಳ ಹತ್ತಿರ ನಿಂತಳು. ಅದನ್ನು ತುಳಿಯದೆ, ಇಡೀ ಅಂಕಣ ಸುತ್ತಿಕೊಂಡು, ಆಚೆ ಬದಿಯಿಂದ ಹತ್ತಿ ಬಂದಳು.